ಕಲ್ಲಿನ ಬರಹ, ಗೋಡೆಯ ಹಾಡು

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದನ್ನು ಯಾರೂ ನನಗೆ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ವೀರಗಲ್ಲು ಅಂದರೆ ಅಂಥಾ ಅಪರೂಪದ ವಸ್ತುವೇನೂ ಅಲ್ಲ. ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಯಾರದೋ ತೋಟದ ಬೇಲಿ ಪಕ್ಕದಲ್ಲಿ ನಿಂತಿರುತ್ತವೆ. ಕೆಲವು ಅರ್ಧ ಮಣ್ಣಲ್ಲಿ ಹೂತಿರುತ್ತವೆ. ಬಟ್ಟೆ ಒಗೆಯುವ ಕಲ್ಲಾಗಿ ಬಡ್ತಿ ಪಡೆದವೂ ಇವೆ :) ದಿನಾ ನೋಡುವ ವಸ್ತುವನ್ನು ಯಾರು ಓದುತ್ತಾರೆ ಹೇಳಿ? ನಾನು ಓದಲು ಶುರು ಮಾಡಿದ್ದು ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿಗೆ ಬಂದು, ಊರಿಗೆ ಹೋಗುವುದೇ ಅಪರೂಪ ಆದಮೇಲೆ.

ಸಾಮಾನ್ಯವಾಗಿ ಕಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಎಲ್ಲಕ್ಕಿಂತ ಕೆಳಗಿನದರಲ್ಲಿ ಕಾಳಗ. ನಮ್ಮ ವೀರ ಬಿಲ್ಲೋ ಕತ್ತಿಯೋ ಹಿಡಿದು ನಿಂತಿದ್ದಾನೆ, ಎದುರಿಗೆ ವೈರಿಗಳು, ಕೆಲವು ಕಲ್ಲುಗಳಲ್ಲಿ ಸಾಲಾಗಿ ದನಗಳು. ವೀರನನ್ನು ಉಳಿದವರಿಗಿಂತ ದೊಡ್ಡದಾಗಿ ಕೆತ್ತಿರುತ್ತಾರೆ, ಹಾಗಾಗಿ ಹುಡುಕುವ ಕಷ್ಟವಿಲ್ಲ. ನಡುವಿನ ಪಟ್ಟಿಕೆಯಲ್ಲಿ ಅದೇ ವೀರ, ಈಗ ಅಕ್ಕಪಕ್ಕದಲ್ಲಿ ಅಪ್ಸರೆಯರು, ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಎಲ್ಲಕ್ಕಿಂತ ಮೇಲೆ ಕೈಲಾಸ. ಲಿಂಗ, ನಂದಿ, ಪೂಜೆ ಮಾಡುವವರು, ಅವರ ಜೊತೆ ನಮ್ಮ ವೀರ ಕೂತಿದ್ದಾನೆ. ನೆತ್ತಿಯಲ್ಲಿ ಸೂರ್ಯ ಮತ್ತು ಚಂದ್ರ. ಅವರಿರುವ ತನಕ ಈ ಕೀರ್ತಿ ಇರಲಿ ಅಂತ.

ಅಂದರೆ ಒಬ್ಬನೇ ಮನುಷ್ಯ ಒಂದೇ ಕಲ್ಲಿನಲ್ಲಿ ಮೂರು ಸಲ ಬರುತ್ತಾನೆ. ಮೊದಲು ಸಾಯುತ್ತಾನೆ, ಆಮೇಲೆ ಹೋಗುತ್ತಾನೆ, ಕೊನೆಗೆ ತಲುಪುತ್ತಾನೆ. ಚಿತ್ರದ ಮೂಲಕ ಕಾಲ ದಾಟಿಸುವ ಈ ಉಪಾಯವನ್ನು ನಾವು ಕಾಮಿಕ್ಸ್ ಪುಸ್ತಕಗಳಲ್ಲಿ ನೋಡಿ ನೋಡಿ ಎಷ್ಟು ಅಭ್ಯಾಸ ಮಾಡಿಕೊಂಡಿದ್ದೇವೆ ಅಂದರೆ, ಅದೊಂದು ಉಪಾಯ ಅಂತಲೇ ಅನ್ನಿಸುವುದಿಲ್ಲ. ಈ ಪಟ್ಟಿಕೆಗಳ ನಡುವೆ ತೆಳ್ಳಗಿನ ಪಟ್ಟಿಗಳನ್ನು ಬಿಟ್ಟು ಅದರಲ್ಲಿ ಅಕ್ಷರ ಕೊರೆದಿರುತ್ತಾರೆ. ಯಾವ ರಾಜ ಆಳುತ್ತಿದ್ದ, ಯಾವ ವರ್ಷ, ಯಾವ ಊರು, ಯಾಕೆ ಜಗಳ, ಸತ್ತವನು ಯಾರ ಮಗ, ಕಲ್ಲು ನಿಲ್ಲಿಸಿದವರು ಯಾರು. ಹಲವು ಕಲ್ಲುಗಳಲ್ಲಿ ಅಕ್ಷರ ಮೇಲಿಂದ ಕೆಳಗೆ ಇಳಿಯುತ್ತದೆ, ಚಿತ್ರ ಕೆಳಗಿಂದ ಮೇಲಕ್ಕೆ ಹತ್ತುತ್ತದೆ. ಕಣ್ಣಿಗೆ ಎರಡು ಕೆಲಸ.

ಜಗಳದ ಕಾರಣಗಳೂ ಬಹುಪಾಲು ಗೊತ್ತಿದ್ದವೇ. ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತದ್ದು (ತುರುಗೊಳ್), ಊರ ಹೆಣ್ಣುಮಕ್ಕಳ ಮಾನ ಕಾಪಾಡಲು ಹೋಗಿ ಸತ್ತದ್ದು, ಊರಿಗೇ ಮುತ್ತಿಗೆ ಬಿದ್ದಾಗ ಸತ್ತದ್ದು. ದೊಡ್ಡ ರಾಜರ ದೊಡ್ಡ ಯುದ್ಧಕ್ಕಿಂತ ಇಂಥವೇ ಹೆಚ್ಚು. ಹತ್ತು ದನದ ಸಲುವಾಗಿ ಸತ್ತವನಿಗೂ ಕೈಲಾಸದಲ್ಲಿ ಜಾಗ ಒಂದೇ, ಕೆತ್ತನೆ ಒಂದೇ.

ಅಲ್ಲೇ ಇರುವುದು ವಿಷಯ. ಚಿತ್ರ ಎಲ್ಲರಿಗೂ ಒಂದೇ. ಶಿಲ್ಪಿಗೆ ಒಂದು ಮಾದರಿ ಕೈಗೆ ಕೂತಿರುತ್ತದೆ, ಯಾರು ಸತ್ತರೂ ಅದನ್ನೇ ಸ್ವಲ್ಪ ಹೆಚ್ಚು ಕಮ್ಮಿ ಮಾಡಿ ಕೆತ್ತುತ್ತಾನೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಟೆಂಪ್ಲೇಟು ಒಂದೇ, ಡೇಟಾ ಬೇರೆ. ವೀರರೆಲ್ಲ ಎಲ್ಲಿಗೆ ಹೋಗುತ್ತಾರೆ ಅಂತ ಚಿತ್ರ ಹೇಳುತ್ತದೆ, ಹೋದವನು ಯಾರು ಅಂತ ಅಕ್ಷರ ಹೇಳುತ್ತದೆ. ಅಕ್ಷರವೇ ಇಲ್ಲದ ವೀರಗಲ್ಲುಗಳೂ ಬೇಕಾದಷ್ಟಿವೆ. ಅವನ್ನು ನಿಲ್ಲಿಸಿದಾಗ ಊರಿನ ಎಲ್ಲರಿಗೂ ಹೆಸರು ಗೊತ್ತಿತ್ತು, ಬರೆಯುವ ಅಗತ್ಯ ಕಾಣಲಿಲ್ಲವೇನೋ. ಈಗ ಅವು ಟೆಂಪ್ಲೇಟು ಮಾತ್ರ.

ಈ ಲೆಕ್ಕ ಮೀರಿದ ಕಲ್ಲೂ ಇದೆ, ಆದರೆ ನಮ್ಮ ಕಡೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 10ನೇ ಶತಮಾನದ ಮಧ್ಯಭಾಗದ್ದು. ಅದರ ಅಕ್ಷರಗಳಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ, ಚೋಳರ ಜೊತೆಗಿನ ತಕ್ಕೋಲದ ಯುದ್ಧ ಎಲ್ಲ ಬರುತ್ತದೆ. ಚಿತ್ರ ನೋಡಿದರೆ ಒಂದು ನಾಯಿ ಮತ್ತು ಒಂದು ಹಂದಿ! ಬೂತುಗನ ಕಡೆಯ ಮಣಲೆರ ಅನ್ನುವವನ ನಾಯಿ ಕಾಳಿ, ಕಾಡುಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು. ಕಲ್ಲಿಗೆ ಪೂಜೆ ಆಗಬೇಕು ಅಂತ ಭೂಮಿಯನ್ನೂ ಬಿಟ್ಟರು. ಮಾತಿನಲ್ಲಿ ಸಾಮ್ರಾಜ್ಯ, ಚಿತ್ರದಲ್ಲಿ ನಾಯಿ. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಈ ಕಲ್ಲಿನ ಅರ್ಧ ಕಥೆ ಕೈಬಿಟ್ಟುಹೋಗುತ್ತದೆ.

ಮತ್ತೆ ನಮ್ಮೂರಿನ ಕಡೆ ಬರೋಣ. ಹೊಸನಗರ ತಾಲ್ಲೂಕಿನ ಹುಂಚ (ಹೊಂಬುಜ) ಸಾಂತರರ ರಾಜಧಾನಿ. ಅಲ್ಲಿ ಪಂಚಕೂಟ ಬಸದಿಯ ಜೊತೆಗೆ ನಿಸಿಧಿ ಕಲ್ಲುಗಳೂ ಇವೆ. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದವು. ಅಲ್ಲೂ ಮೇಲೆ ಜಿನ, ಕೆಳಗೆ ವ್ರತ ಹಿಡಿದವರು, ಜೊತೆಗೆ ಅಕ್ಷರ. ಕತ್ತಿ ಇಲ್ಲ, ಅಷ್ಟೇ ವ್ಯತ್ಯಾಸ. ಪಂಚಕೂಟ ಬಸದಿಯ ದೊಡ್ಡ ಶಾಸನ 1077ರದು. ಹೆಚ್ಚು ಕಡಿಮೆ ಅದೇ ದಶಕದಲ್ಲಿ, ಏಳು ಸಮುದ್ರದಾಚೆ, ಇಂಗ್ಲೆಂಡಿನ ಮೇಲೆ ನಾರ್ಮನ್ನರು 1066ರಲ್ಲಿ ಮಾಡಿದ ಯುದ್ಧವನ್ನು ಸುಮಾರು 70 ಮೀಟರ್ ಉದ್ದದ ಬಟ್ಟೆಯ ಮೇಲೆ ಕಸೂತಿ ಹಾಕಿ, ಮೇಲ್ಗಡೆ ಲ್ಯಾಟಿನ್ನಿನಲ್ಲಿ ಪುಟ್ಟ ಪುಟ್ಟ ವಾಕ್ಯ ಹೊಲಿದಿದ್ದರು ಅಂತ ವಿದ್ವಾಂಸರು ಹೇಳುತ್ತಾರೆ. ಬಾಯೋ ಕಸೂತಿ ಅಂತ ಅದಕ್ಕೆ ಹೆಸರು. ಕಾಮಿಕ್ಸಿನ ಇತಿಹಾಸ ಬರೆಯುವವರು ಅದನ್ನು ಮರೆಯದೆ ಹೆಸರಿಸುತ್ತಾರೆ. ವೀರಗಲ್ಲನ್ನು ಹೆಸರಿಸಿದ್ದು ನಾನಂತೂ ನೋಡಿಲ್ಲ. ಇರಲಿ.

ಇಕ್ಕೇರಿಯದ್ದು ಇನ್ನೊಂದು ರೀತಿ. ಸಾಗರದಿಂದ ಹತ್ತೇ ನಿಮಿಷದ ದಾರಿ, ಅಘೋರೇಶ್ವರ ದೇವಸ್ಥಾನದ ನೆಲ ನೋಡಿದ್ದೀರಾ? ಎಲ್ಲರೂ ಕತ್ತೆತ್ತಿ ಕಂಬ, ಛಾವಣಿ ನೋಡುತ್ತಾರೆ. ನೆಲದ ಕಲ್ಲಿನಲ್ಲಿ ಕೆಳದಿ ಅರಸರು ನಮಸ್ಕಾರ ಮಾಡುತ್ತಿರುವ ಮೂರು ಆಕೃತಿಗಳಿವೆ, ಒಂದೊಂದರ ಮೇಲೂ ಹೆಸರು ಕೊರೆದಿದೆ ಅಂತ ಬಿ.ಎಲ್. ರೈಸ್ ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಅವರಲ್ಲೊಬ್ಬ ಹುಚ್ಚ ಸೋಮಶೇಖರ, ಅವನ ಕೈಕಾಲಿಗೆ ಬೇಡಿ. ಚಿತ್ರ ಬೇಡಿ ತೋರಿಸುತ್ತದೆ, ಬೇಡಿ ಯಾಕೆ ಅನ್ನುವುದಕ್ಕೆ ಹೆಸರಿನ ಮುಂದಿನ ಒಂದೇ ಒಂದು ಪದ ಸಾಕು. ಇಷ್ಟು ಚಿಕ್ಕ ಅಡಿಬರಹದಲ್ಲಿ ಇಷ್ಟು ದೊಡ್ಡ ದುಃಖ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅರಸನನ್ನು ಅರಸನಾಗಿಯೇ ಕೆತ್ತಬಹುದಿತ್ತಲ್ಲ, ಯಾಕೆ ಬೇಡಿ ಸಮೇತ ಕೆತ್ತಿದರು ಅಂತ ಯೋಚನೆ ಮಾಡುತ್ತಲೇ ಇರುತ್ತೇನೆ.

ಇದೆಲ್ಲ ಕಲ್ಲಿನ ಮಾತಾಯಿತು. ಇದಕ್ಕೆ ತೀರಾ ಉಲ್ಟಾ ಇರುವ ಇನ್ನೊಂದು ದಾರಿ ಇದೇ ಮೂರು ತಾಲ್ಲೂಕುಗಳಲ್ಲಿದೆ. ಅದು ದೀವರ ಮನೆಗಳ ಹಸೆ ಚಿತ್ತಾರ.

ಅದಕ್ಕೂ ಮೊದಲು ಒಂದು ಪದದ ವಿಷಯ. ಕನ್ನಡದಲ್ಲಿ ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಇಂಗ್ಲಿಷಿನವರಿಗೆ ಎರಡಕ್ಕೆ ಎರಡು ಕ್ರಿಯಾಪದ ಬೇಕು, ನಮಗೆ ಒಂದೇ ಸಾಕು. "ಚಿತ್ರ ಬಿಡಿಸು" ಅಂತ ಪಠ್ಯಪುಸ್ತಕ ಹೇಳುತ್ತದೆ ನಿಜ, ಆದರೆ ದೀವರ ಹೆಂಗಸರನ್ನು ಕೇಳಿ ನೋಡಿ, "ಹಸೆ ಬರೀತೀವಿ" ಅಂತಲೇ ಹೇಳುತ್ತಾರೆ. ಅಕ್ಷರ ಕಲಿಯದ ಅಜ್ಜಿಯೂ ಬರೆಯುತ್ತಾಳೆ.

ದೀವರು ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಆಚೆ ಸಿದ್ದಾಪುರದವರೆಗೂ ಇದ್ದಾರೆ. ತೀರ್ಥಹಳ್ಳಿ ಕಡೆ ಹಳೆಪೈಕರು ಅನ್ನುವ ಹೆಸರೂ ಉಂಟು. ಮದುವೆಗೆ ಮುಂಚೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿ ಅರೆದ ಹಿಟ್ಟು, ಕಪ್ಪಿಗೆ ಸುಟ್ಟು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು. ಎಳೆಗಳನ್ನು ಒಂದು, ಎರಡು, ಮೂರು ಅಂತ ಲೆಕ್ಕ ಹಾಕಿ ಎಳೆಯುತ್ತಾರೆ, ಕೈ ಅಲುಗಿದರೆ ಗೊತ್ತಾಗಿಬಿಡುತ್ತದೆ. ಚಿತ್ತಾರದ ಒಳಗೆ ಬಾಸಿಂಗ, ದಂಡಿಗೆ, ತೇರು, ಏಣಿ, ಭತ್ತದ ಸಸಿ, ಹಕ್ಕಿಗಳ ಸಾಲು, ಜೋಗಿ ಜಡೆ. ಮಧ್ಯೆ ಮದುಮಕ್ಕಳು, ತ್ರಿಕೋನ ಮತ್ತು ಗೆರೆಯಲ್ಲಿ. ಆ ಗೋಡೆಯ ಮುಂದೆ ಹಸೆ ಹಾಸಿ ನಿಜವಾದ ಮದುಮಕ್ಕಳನ್ನು ಕೂರಿಸುತ್ತಾರೆ. ಭೂಮಿ ಹುಣ್ಣಿಮೆ ದಿನ ಬಸುರಿ ಭೂಮಿಗೆ ಬಯಕೆ ಬಡಿಸಲು ಗದ್ದೆಗೆ ಹೊತ್ತುಕೊಂಡು ಹೋಗುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಎಳೆಗಳು.

ಈ ಗೋಡೆಯಲ್ಲಿ ಒಂದೇ ಒಂದು ಅಕ್ಷರವೂ ಇಲ್ಲ. ಹಾಗಂತ ಮಾತೇ ಇಲ್ಲದ ಚಿತ್ರ ಇದು ಅಂದುಕೊಳ್ಳಬೇಡಿ. ಮಾತು ಬಾಯಲ್ಲಿತ್ತು. ಬರೆಯುವಾಗ ಹಾಡು, ಮದುಮಕ್ಕಳನ್ನು ಹಸೆಗೆ ಕರೆಯುವಾಗ ಹಾಡು. ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಹಸೆ ಬರೆಯುವ ಒಬ್ಬ ಅಜ್ಜಿಯ ಹತ್ತಿರ ಹೋಗಿದ್ದೆ. ಗೋಡೆಯ ಒಂದು ಮೂಲೆ ತೋರಿಸಿ "ಅಜ್ಜಿ, ಇದೆಂತದು?" ಅಂತ ಕೇಳಿದೆ. "ತಡಿಯಾ ತಮಾ, ಹಂಗೆಲ್ಲ ನಡುವಿಂದ ಬರಲ್ಲ, ಸುರುವಿಂದ ಹೇಳ್ಬೇಕು" ಅಂದವರೇ ಹಾಡು ಶುರು ಮಾಡಿದರು. ಐದಾರು ನಿಮಿಷ ಹಾಡಿದ ಮೇಲೆ ಆ ಜಾಗ ಬಂತು, ಬೆರಳಿಟ್ಟು ತೋರಿಸಿ, ಹೆಸರು ಹೇಳಿ, ನಿಲ್ಲಿಸದೇ ಮುಂದಕ್ಕೆ ಹೋದರು! ಡೇಟಾಬೇಸಿನಲ್ಲಿ ಇಂಡೆಕ್ಸ್ ಅಂತೀವಲ್ಲ, ಅವರ ಚಿತ್ತಾರಕ್ಕೆ ಇಂಡೆಕ್ಸ್ ಆ ಹಾಡು. ಹಾಡಿಲ್ಲದೆ ಹುಡುಕಿಕೊಡಲು ಅವರಿಗೆ ಬರುತ್ತಿರಲಿಲ್ಲ, ಯಾಕೆ ಬರಬೇಕು ಅಂತಲೂ ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಹಾಡಿನ ಜೊತೆ ಚಿತ್ರ ತೋರಿಸುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನ ಗೂಢಚಾರ ಯಮಪಟ ಹಿಡಿದುಕೊಂಡು ಮನೆ ಮನೆಗೆ ಹೋಗಿ ಹಾಡುತ್ತಾನೆ. ಪಾಪ ಮಾಡಿದರೆ ಯಮಲೋಕದಲ್ಲಿ ಏನೇನಾಗುತ್ತದೆ ಅನ್ನುವ ಚಿತ್ರಪಟ ಅದು. ಯಾರ ಮನೆಗೆ ಬೇಕಾದರೂ ನುಗ್ಗಲು ಒಳ್ಳೇ ವೇಷ. ಬಂಗಾಳದ ಪಟುವಾಗಳು ಇವತ್ತಿಗೂ ಸುರುಳಿ ಬಿಚ್ಚುತ್ತಾ, ಬೆರಳಿಂದ ಒಂದೊಂದೇ ಚೌಕ ತೋರಿಸುತ್ತಾ ಹಾಡುತ್ತಾರೆ. ಆದರೆ ಅವರದು ತಿರುಗಾಟದ ಕಸುಬು, ಕೇಳುವವರು ಬೇರೆಯವರು. ದೀವರ ಹೆಂಗಸರು ಹಾಡಿದ್ದು ತಮ್ಮ ಮನೆಯಲ್ಲಿ, ತಮ್ಮ ಮಗಳಿಗೆ. ಚಿತ್ರವನ್ನು ಹೊತ್ತೊಯ್ಯುವಂತೆ ಇರಲೂ ಇಲ್ಲ, ಅದು ಗೋಡೆ.

ಮತ್ತು ಆ ಗೋಡೆ ಮಣ್ಣಿನದು. ಒಂದೆರಡು ಮಳೆಗಾಲ ಕಳೆದರೆ, ಇಲ್ಲ ಇನ್ನೊಂದು ಮದುವೆ ಬಂದರೆ, ಮೇಲೆ ಮತ್ತೆ ಕೆಮ್ಮಣ್ಣು. ಹಾಗಾಗಿ ನೂರು ವರ್ಷದ ಹಿಂದಿನ ಚಿತ್ತಾರ ಹೇಗಿತ್ತು ಅಂತ ಗೋಡೆ ನೋಡಿ ಹೇಳುವ ಹಾಗಿಲ್ಲ. ಕಲ್ಲು ಸಾವಿರ ವರ್ಷದ್ದು ಸಿಗುತ್ತದೆ, ಯಾಕೆಂದರೆ ಅದು ಸತ್ತವರದು. ಚಿತ್ತಾರ ಮದುವೆ ಆಗುವವರದು, ಆ ಮದುವೆಯ ಕಾಲಕ್ಕೆ ಮಾತ್ರ.

ಭತ್ತದ ಸಸಿಯನ್ನು ಗೋಡೆ ತುಂಬಾ ಬರೆದವರಲ್ಲಿ ಹೆಚ್ಚಿನವರು ಗೇಣಿದಾರರಾಗಿದ್ದರು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1951ರ ಕಾಗೋಡು ಸತ್ಯಾಗ್ರಹ ಇದೇ ಸಾಗರ ತಾಲ್ಲೂಕಿನದು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಜಗಳ ಅದಕ್ಕೆ ಕಾರಣಗಳಲ್ಲೊಂದು. ಅಂದವಾದ ಚಿತ್ತಾರದ ಫೋಟೋ ಹಾಕಿ "ನಮ್ಮ ಮಲೆನಾಡಿನ ಕಲೆ" ಅಂತ ಹೆಮ್ಮೆ ಪಡುವ ನಾವು ಅದನ್ನು ಕೊಳಗದ ಜೊತೆ ಸೇರಿಸಿ ನೋಡುವುದು ಕಡಿಮೆ. ಆಮೇಲೆ ಮುಳುಗಡೆ ಬಂತು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಅದನ್ನೂ ನುಂಗಿದ ಲಿಂಗನಮಕ್ಕಿ. ಶರಾವತಿ ಹಿನ್ನೀರು ಕೆಳಗಿಳಿದ ವರ್ಷಗಳಲ್ಲಿ ಆ ಹಳೆ ಅಣೆಕಟ್ಟು ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಸಾಗರ, ಹೊಸನಗರದ ಎಷ್ಟೋ ಊರುಗಳು ಆ ನೀರಿನ ಕೆಳಗಿವೆ. ಕಲ್ಲಾದರೂ ಕೆಸರಲ್ಲಿ ಉಳಿದೀತು, ಮಣ್ಣಿನ ಗೋಡೆಗೆ ಎಷ್ಟು ಹೊತ್ತು ಬೇಕು ಹೇಳಿ. ಉಳಿದ ಊರುಗಳಲ್ಲಿ ಗೋಡೆ ಸಿಮೆಂಟಿನದಾಯಿತು, ಮದುವೆ ಮನೆ ಬಿಟ್ಟು ಛತ್ರಕ್ಕೆ ಹೋಯಿತು. ಛತ್ರದ ಬಾಗಿಲಲ್ಲಿ ಈಗ ಫ್ಲೆಕ್ಸ್ ನಿಲ್ಲಿಸುತ್ತಾರೆ, ಮದುಮಕ್ಕಳ ಫೋಟೋ ಮತ್ತು ಹೆಸರು. ಒಂದು ಲೆಕ್ಕದಲ್ಲಿ ಅದೂ ಚಿತ್ರ ಮತ್ತು ಮಾತೇ.

ಚಿತ್ರ ಮತ್ತು ಮಾತು ಕಾಗದದ ಮೇಲೆ ಸೇರಿದ ಕಥೆ ನಿಮಗೆಲ್ಲ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಮನೆಯ ಅಟ್ಟದಲ್ಲಿ ಚಂದಮಾಮದ ಹಳೆ ಸಂಚಿಕೆಗಳ ಕಟ್ಟಿತ್ತು. ಅದರಲ್ಲಿ ಚಿತ್ರ ಒಂದು ಕಡೆ, ಕಥೆ ಒಂದು ಕಡೆ, ಒಂದರ ಮನೆಗೆ ಇನ್ನೊಂದು ಕಾಲಿಡುವುದಿಲ್ಲ. ಬೇತಾಳನನ್ನು ಹೊತ್ತು ನಡೆಯುವ ವಿಕ್ರಮನ ಚಿತ್ರ ಬರೆದ ಶಂಕರ್ (ಕೆ.ಸಿ. ಶಿವಶಂಕರನ್) 2020ರಲ್ಲಿ ತೀರಿಕೊಂಡರು, ಅಷ್ಟರಲ್ಲಿ ಪತ್ರಿಕೆಯೂ ನಿಂತುಹೋಗಿತ್ತು. ಅಮರ ಚಿತ್ರ ಕಥೆ ಬಂದಾಗ ಮಾತು ಚಿತ್ರದೊಳಗೇ ಗುಳ್ಳೆಯಾಗಿ ನುಗ್ಗಿತು. ಆ ಮಾಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರಿನಲ್ಲಿ ಪ್ರಸಿದ್ಧ. ಆದರೆ ಅದಕ್ಕೂ ಮೊದಲು, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಇದೇ ಹೆಸರಿನಲ್ಲಿ ವಿದೇಶೀ ಕಥೆಗಳ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ತರಿಸಿದ್ದರು. ಇಂಗ್ಲಿಷ್ ಮಾಲೆಯ 'ಕೃಷ್ಣ' ಪುಸ್ತಕದ ಸಂಖ್ಯೆ 11 ಆಗಿರುವುದು ಅದಕ್ಕೇ. ಮೊದಲ ಹತ್ತು ಕನ್ನಡದವು! ಇದನ್ನು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಬಾಲಮಂಗಳದ ಡಿಂಗನ ಬಗ್ಗೆ ಬರೆಯಲು ಹೊರಟರೆ ಈ ಲೇಖನ ಮುಗಿಯುವುದಿಲ್ಲ, ಅದಕ್ಕೇ ಬೇರೆ ಲೇಖನ ಬೇಕು.

ಈಗ ನನಗೆ ಕಾಡುತ್ತಿರುವ ಸಂಗತಿಗೆ ಬರುತ್ತೇನೆ. ರೈಸ್ ಬೆಂಗಳೂರಿನಲ್ಲೇ ಹುಟ್ಟಿದವನು, ಮೈಸೂರು ಸಂಸ್ಥಾನದ ಊರೂರುಗಳ ಶಾಸನ ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದ. ಅದರ 8ನೇ ಸಂಪುಟ 1904ರದು, ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳದ್ದು. ನಗರ ಅಂದರೆ ಇವತ್ತಿನ ಹೊಸನಗರ. ನಮ್ಮ ಸೀಮೆಯ ಇತಿಹಾಸಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಶಾಸನವನ್ನು ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ, ಹೀಗೆ ಮೂರು ಸಲ ಕೊಟ್ಟಿದ್ದಾನೆ. ಚಿತ್ರದ ಬಗ್ಗೆ? ಹೆಚ್ಚಿನ ಕಡೆ ಇರುವುದು ಒಂದೇ ಸಾಲು. ಇಂಥಾ ಊರಿನ ಇಂಥಾ ಗುಡಿಯ ಹತ್ತಿರದ ವೀರಗಲ್ಲು, ಅದೇ ಜಾಗದ ಎರಡನೇ ವೀರಗಲ್ಲು. ಅಷ್ಟೇ. ಅವನ ಕೆಲಸ ಅಕ್ಷರ ಉಳಿಸುವುದಾಗಿತ್ತು, ಉಳಿಸಿದ, ತಪ್ಪು ಹೇಳುವ ಹಾಗಿಲ್ಲ. ಆದರೆ ಪರಿಣಾಮ ನೋಡಿ. ಅಕ್ಷರವಿಲ್ಲದ ವೀರಗಲ್ಲಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಅಕ್ಷರ ಇರುವ ಕಲ್ಲೂ ಪುಸ್ತಕಕ್ಕೆ ಬರುವಾಗ ಅಪ್ಸರೆಯರನ್ನು, ದನಗಳನ್ನು, ಸೂರ್ಯಚಂದ್ರರನ್ನು ಊರಿನಲ್ಲೇ ಬಿಟ್ಟು ಬಂತು. ಎರಡನ್ನೂ ಕೂಡಿಸಿ ಓದುವ ಕೆಲಸ ಗಟ್ಟಿಯಾಗಿ ಶುರುವಾಗಲು ತುಂಬಾ ವರ್ಷ ಬೇಕಾಯಿತು. ಷ. ಶೆಟ್ಟರ್ ಮತ್ತು ಸೋಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳ ದೊಡ್ಡ ಗ್ರಂಥ ಬಂದದ್ದು 1982ರಲ್ಲಿ.

ಹಸೆ ಚಿತ್ತಾರಕ್ಕೆ ಈಗ ಆಗುತ್ತಿರುವುದು ಇದರದೇ ತಲೆಕೆಳಗಾದ ರೂಪ. ಅದನ್ನು ಗೋಡೆಯಿಂದ ಕಾಗದ, ಬಟ್ಟೆ, ಕ್ಯಾನ್ವಾಸಿಗೆ ತಂದು ಉಳಿಸಿದವರಿದ್ದಾರೆ. ಹಸುವಂತೆಯ ಈಶ್ವರ ನಾಯ್ಕ, ಸಿರಿವಂತೆಯ ಚಂದ್ರಶೇಖರ ಅವರಂಥ ಕಲಾವಿದರು ಇಲ್ಲದಿದ್ದರೆ ನನ್ನ ವಯಸ್ಸಿನವರಿಗೆ ಚಿತ್ತಾರದ ಹೆಸರೂ ಗೊತ್ತಾಗುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಕುರ್ತಾದ ಮೇಲೆ, ಕಾಫಿ ಕಪ್ಪಿನ ಮೇಲೆ, ಬೆಂಗಳೂರಿನ ಫ್ಲ್ಯಾಟಿನ ಹಾಲಿನಲ್ಲಿ ತೂಗುಹಾಕಿದ ಚೌಕಟ್ಟಿನಲ್ಲಿ ಇರುವುದು ಎಳೆ ಮಾತ್ರ. ಹಾಡು ಊರಿನಲ್ಲೇ ಉಳಿಯಿತು. ಆ ಅಜ್ಜಿಯ ಲೆಕ್ಕದಲ್ಲಿ ಅದು ಅಕ್ಷರ ಸವೆದುಹೋದ ವೀರಗಲ್ಲು. ಕಲ್ಲಿಗೆ ಮಾತು ಸಿಕ್ಕಿ ಚಿತ್ರ ಹೋಯಿತು, ಗೋಡೆಗೆ ಚಿತ್ರ ಸಿಕ್ಕಿ ಮಾತು ಹೋಗುತ್ತಿದೆ. ಕಲ್ಲಿನದಾದರೆ ಇನ್ನೂ ಪರವಾಗಿಲ್ಲ, ಕ್ಯಾಮೆರಾ ಹಿಡಿದು ಹೋದರೆ ಕಲ್ಲು ಅಲ್ಲೇ ಇರುತ್ತದೆ. ಹಾಡುವವರಿಗೆ ಎಪ್ಪತ್ತು, ಎಂಬತ್ತು ವರ್ಷ.

ಕಳೆದ ಬೇಸಿಗೆಯಿಂದ ನಾನು ಎರಡು ಸಣ್ಣ ಕೆಲಸ ಮಾಡುತ್ತಿದ್ದೇನೆ. ಊರಿಗೆ ಹೋದಾಗಲೆಲ್ಲ ಒಂದೊಂದು ವೀರಗಲ್ಲು ಹುಡುಕಿ, 8ನೇ ಸಂಪುಟದ ಸಂಖ್ಯೆಯ ಜೊತೆ ಚಿತ್ರ ಸೇರಿಸಿ ಇಡುವುದು. ಸಾಯಂಕಾಲದ ಓರೆ ಬಿಸಿಲಲ್ಲಿ ತೆಗೆದರೆ ಅಕ್ಷರವೂ ಚಿತ್ರವೂ ಚೆನ್ನಾಗಿ ಏಳುತ್ತವೆ, ಮಧ್ಯಾಹ್ನ ತೆಗೆಯಬೇಡಿ, ಎಲ್ಲ ಚಪ್ಪಟೆ. ಎರಡನೆಯದು ಚಿತ್ತಾರ. ಫೋಟೋ ಸಾಲದು, ವಿಡಿಯೋವೇ ಬೇಕು, ಮುಖಕ್ಕಿಂತ ಕೈ ಕಾಣುವ ಹಾಗೆ, ಯಾವ ಸೊಲ್ಲಿಗೆ ಯಾವ ಎಳೆ ಅಂತ ತಿಳಿಯುವ ಹಾಗೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಲಾಂಚಿಗೆ ಕಾಯುವುದು ತಪ್ಪಿ ಹಿನ್ನೀರಿನ ಆಚೆ ದಡದ ಊರುಗಳೂ ಹತ್ತಿರವಾಗಿವೆ. ಅಲ್ಲಿ ಹಸೆ ಹಾಡು ಬಲ್ಲವರು ನಿಮ್ಮ ಗುರುತಿನವರಿದ್ದರೆ ತಿಳಿಸಿ. ಭೂಮಿ ಹುಣ್ಣಿಮೆಗೆ ರಜೆ ಹಾಕಿ ಊರಲ್ಲೇ ಇರುತ್ತೇನೆ.